ಓಪನ್‌ಬಾಕ್ಸ್‌ಗೆ ಯಾವ ಟ್ರೇ? ಟ್ರೇಯರ್, ಸ್ಟ್ಯಾಲೋನ್‌ಟ್ರೇ, ಟಿಂಟ್2 ಬಳಸಿ ನೋಡಿದ ಮೇಲೆ

ಓಪನ್‌ಬಾಕ್ಸ್ ಲಿನಕ್ಸ್‌ನ ಒಂದು ವಿಂಡೋ ಮ್ಯಾನೇಜರ್. ವಿಂಡೋಗಳನ್ನು ನೋಡಿಕೊಳ್ಳುತ್ತದೆ, ಅಷ್ಟೇ. ಪ್ಯಾನಲ್ ಇಲ್ಲ, ಗಡಿಯಾರ ಇಲ್ಲ, ಹಿಂದೆ ಓಡುವ ಆಪ್‌ಗಳ ಪುಟ್ಟ ಐಕಾನ್‌ಗಳು ಕೂರುವ ಸಿಸ್ಟಮ್ ಟ್ರೇಯೂ ಇಲ್ಲ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ ಜೊತೆ ಇದನ್ನು ಬಳಸುವ ನನಗೆ ಆ ಖಾಲಿತನ ಇಷ್ಟ. ಆದರೆ ಟ್ರೇ ಮಾತ್ರ ಬೇಕೇ ಬೇಕು. ವೈಫೈ ಬದಲಿಸಲು ಎನ್‌ಎಂ-ಆಪ್ಲೆಟ್, ಬ್ಲೂಟೂತ್‌ಗೆ ಬ್ಲೂಮನ್, ಸದ್ದು ಹೆಚ್ಚು ಕಡಿಮೆ ಮಾಡಲು ವಾಲ್ಯೂಮ್‌ಐಕಾನ್ ಎಲ್ಲವೂ ಅಲ್ಲೇ ಕೂರಬೇಕು. ಎಲ್ಲಕ್ಕಿಂತ ಮುಖ್ಯ ಕೀಬೋರ್ಡ್ ಭಾಷೆ ಬದಲಿಸುವ ಐಬಸ್. ಕೀಬೋರ್ಡ್ ಈಗ ಕನ್ನಡದಲ್ಲಿದೆಯೋ ಇಂಗ್ಲಿಷ್‌ನಲ್ಲಿದೆಯೋ ಅಂತ ತಿಳಿಯುವುದು ಅದರ ಐಕಾನ್ ನೋಡಿಯೇ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಟ್ರೇ ಅಲಂಕಾರದ ವಸ್ತು ಅಲ್ಲ.

ಐಸ್‌ಡಬ್ಲ್ಯೂಎಂ, ಜೆಡಬ್ಲ್ಯೂಎಂ, ಫ್ಲಕ್ಸ್‌ಬಾಕ್ಸ್ ಎಂಬ ಬೇರೆ ವಿಂಡೋ ಮ್ಯಾನೇಜರ್ ಬಳಸುವವರು ಇದನ್ನು ಓದಬೇಕಾಗಿಲ್ಲ. ಅವುಗಳಲ್ಲಿ ಟ್ರೇ ಒಳಗೇ ಇದೆ. ಐ3 ಬಳಸುವವರಿಗೂ ಐ3ಬಾರ್‌ನಲ್ಲೇ ಸಿಗುತ್ತದೆ. ಓಪನ್‌ಬಾಕ್ಸ್‌ನವರು ಮಾತ್ರ ಹೊರಗಿನಿಂದ ಒಂದನ್ನು ತರಬೇಕು. ನಾನು ಟ್ರೇಯರ್, ಸ್ಟ್ಯಾಲೋನ್‌ಟ್ರೇ, ಟಿಂಟ್2 ಮೂರನ್ನೂ ದಿನದ ಕೆಲಸದಲ್ಲೇ ಬಳಸಿ ನೋಡಿದೆ. ಕೊನೆಗೆ ಉಳಿಸಿಕೊಂಡದ್ದು ಸ್ಟ್ಯಾಲೋನ್‌ಟ್ರೇ. ಯಾಕೆ ಅಂತ ಹೇಳುತ್ತೇನೆ. ಎಲ್ಲರಿಗೂ ಅದೇ ಸರಿ ಅಂತ ಹೇಳುತ್ತಿಲ್ಲ.

ಟ್ರೇ ಒಳಗೆ ನಡೆಯುವುದನ್ನು ಮೊದಲು ತಿಳಿದುಕೊಂಡರೆ ಮುಂದಿನದು ಸುಲಭ. ಲಿನಕ್ಸ್ ಡೆಸ್ಕ್‌ಟಾಪ್‌ಗಳಿಗೆ ಸಾಮಾನ್ಯ ನಿಯಮ ಮಾಡುವ ಫ್ರೀಡೆಸ್ಕ್‌ಟಾಪ್‌ನ ಹಳೆಯ ಟ್ರೇ ನಿಯಮ 2002ರದ್ದು. ಅದರ ಪ್ರಕಾರ ಪ್ರತಿ ಐಕಾನ್ ಒಂದು ಪುಟ್ಟ ವಿಂಡೋ. ಅದನ್ನು ತೆರೆಯುವುದು ಆಯಾ ಆಪ್. ಟ್ರೇ ಆ ವಿಂಡೋವನ್ನು ತನ್ನ ಒಳಗೆ ಕೂರಿಸಿಕೊಳ್ಳುತ್ತದೆ. ಈ ವಿಧಾನಕ್ಕೆ ಎಕ್ಸ್‌ಎಂಬೆಡ್ ಅಂತ ಹೆಸರು. ಒಂದು ಸ್ಕ್ರೀನ್‌ಗೆ ಒಂದೇ ಟ್ರೇ. ಒಂದೇ ಒರೆಯಲ್ಲಿ ಎರಡು ಕತ್ತಿ ಕೂರುವುದಿಲ್ಲ. ಹಾಗಾಗಿ ಟಿಂಟ್2 ಓಡುತ್ತಿರುವಾಗ ಸ್ಟ್ಯಾಲೋನ್‌ಟ್ರೇ ಹೇಗಿದೆ ನೋಡೋಣ ಅಂದರೆ ಆಗುವುದಿಲ್ಲ. ಮೊದಲು ಬಂದದ್ದೇ ಐಕಾನ್‌ಗಳನ್ನು ಹಿಡಿದುಕೊಂಡಿರುತ್ತದೆ. ಹೋಲಿಸಿ ನೋಡುವಾಗ ಒಂದನ್ನು ಪೂರ್ತಿ ನಿಲ್ಲಿಸಿಯೇ ಇನ್ನೊಂದನ್ನು ಶುರು ಮಾಡಬೇಕು.

ಟ್ರೇಯರ್ ಎಲ್ಲಕ್ಕಿಂತ ಬೇಗ ಕೈಗೆ ಹತ್ತುತ್ತದೆ. ಎಫ್‌ಬಿಪ್ಯಾನಲ್ ಅನ್ನುವ ಪ್ಯಾನಲ್‌ನ ಟ್ರೇ ಭಾಗದಿಂದ ಬೆಳೆದ ಆಪ್ ಇದು. ಕಾನ್ಫಿಗ್ ಫೈಲ್ ಅಂತ ಏನೂ ಇಲ್ಲ, ಎಲ್ಲವನ್ನೂ ಕಮಾಂಡ್ ಲೈನ್‌ನಲ್ಲೇ ಹೇಳಬೇಕು. ಯಾವ ಅಂಚು, ಯಾವ ಮೂಲೆ, ಎಷ್ಟು ಎತ್ತರ ಅಂತ ಕೊಟ್ಟರೆ ಕೂತುಬಿಡುತ್ತದೆ. ಅಗಲದ ಬಗೆ ಮಾತ್ರ ಗಮನಿಸಿ. ಏನೂ ಹೇಳದಿದ್ದರೆ ಅದು ಸ್ಕ್ರೀನ್‌ನ ಶೇಕಡಾ ಲೆಕ್ಕ ಹಿಡಿಯುತ್ತದೆ. ಐಕಾನ್‌ಗಳಿಗೆ ತಕ್ಕಷ್ಟೇ ಹಿಗ್ಗಿ ಕುಗ್ಗಬೇಕು ಅಂದರೆ ವಿಡ್ತ್‌ಟೈಪ್‌ಗೆ ರಿಕ್ವೆಸ್ಟ್ ಅಂತ ಕೊಡಬೇಕು. ಬಣ್ಣದ ವಿಷಯ ಸ್ವಲ್ಪ ವಿಚಿತ್ರ. ಗಟ್ಟಿ ಕಪ್ಪು ಬೇಕಾದರೂ ಟ್ರಾನ್ಸ್‌ಪರೆಂಟ್ ಆನ್ ಮಾಡಿ, ಆಲ್ಫಾ 0 ಇಟ್ಟು, ಟಿಂಟ್‌ನಲ್ಲಿ ಆ ಬಣ್ಣ ಹೇಳಬೇಕು. ಗೊತ್ತಾದ ಮೇಲೆ ತೊಂದರೆ ಇಲ್ಲ.

ಟ್ರೇಯರ್ ನಿಜವಾಗಿ ಹೊಂದುವುದು ಎಕ್ಸ್‌ಮೋನಾಡ್ ಅನ್ನುವ ವಿಂಡೋ ಮ್ಯಾನೇಜರ್ ಜೊತೆ. ಅದರ ಬಾರ್ ಆಗಿ ಬಳಸುವ ಎಕ್ಸ್‌ಮೋಬಾರ್ ಮೇಲಿನ ಅಂಚಿನ ಶೇಕಡಾ 90 ತೆಗೆದುಕೊಳ್ಳುತ್ತದೆ, ಉಳಿದ 10ರಲ್ಲಿ ಟ್ರೇಯರ್. ಆ ಜೋಡಿ ಬಹಳ ಜನರ ಸೆಟಪ್‌ನಲ್ಲಿದೆ. ಅಲ್ಲೂ ಒಂದು ಕಿರಿಕಿರಿ ಇದೆ. ಅಗಲಕ್ಕೆ ರಿಕ್ವೆಸ್ಟ್ ಕೊಟ್ಟು ಐಕಾನ್ ಜಾಸ್ತಿಯಾದರೆ ಟ್ರೇ ಬಾರ್‌ನ ಅಕ್ಷರಗಳ ಮೇಲೆ ಹತ್ತುತ್ತದೆ. ಅದಕ್ಕಾಗಿಯೇ ಟ್ರೇಯ ಅಗಲ ಅಳೆದು ಬಾರ್‌ನಲ್ಲಿ ಅಷ್ಟು ಖಾಲಿ ಜಾಗ ಬಿಡುವ ಸಣ್ಣ ಸ್ಕ್ರಿಪ್ಟ್ ಬಳಸುತ್ತಾರೆ. ಬಾರ್ ಇಲ್ಲದ ನನ್ನ ಓಪನ್‌ಬಾಕ್ಸ್‌ಗೆ ಟ್ರೇಯರ್ ಸಾಕಾಗುತ್ತಿತ್ತು, ನಿಜ. ಆದರೆ ಅದಕ್ಕೆ ವಿಂಡೋ, ಬಟನ್ ಬಿಡಿಸುವ ಟೂಲ್‌ಕಿಟ್ ಆದ ಜಿಟಿಕೆ ಬೇಕು. ಬರೀ ಐಕಾನ್ ಕೂರಿಸಲು ಇಡೀ ಟೂಲ್‌ಕಿಟ್ ಯಾಕೆ ಅಂತ ಅನ್ನಿಸಿತು.

ಸ್ಟ್ಯಾಲೋನ್‌ಟ್ರೇ ಎಕ್ಸ್ ಸರ್ವರ್ ಜೊತೆ ಮಾತಾಡುವ ಮೂಲ ಲೈಬ್ರರಿ ಎಕ್ಸ್‌ಲಿಬ್ ಇದ್ದರೆ ಓಡುತ್ತದೆ. ಹೋಮ್ ಫೋಲ್ಡರ್‌ನಲ್ಲಿ ಒಂದೇ ಒಂದು ಆರ್‌ಸಿ (ಕಾನ್ಫಿಗ್) ಫೈಲ್, ಅದೂ ಸರಳ. ನನಗೆ ಇಷ್ಟವಾದ ಮೊದಲ ಸಂಗತಿ ಅದರ ಗ್ರೋ ಗ್ರ್ಯಾವಿಟಿ. ಟ್ರೇ ಯಾವ ಕಡೆಗೆ ಬೆಳೆಯಬೇಕು ಅಂತ ನಾವು ಹೇಳಬಹುದು. ಆದರೆ ಹೇಳುವುದು ಉಲ್ಟಾ, ಅದು ನಾವು ಕೊಟ್ಟ ದಿಕ್ಕಿಗೆ ವಿರುದ್ಧವಾಗಿ ಬೆಳೆಯುತ್ತದೆ. ಮೇಲಿನ ಬಲ ಮೂಲೆಯಲ್ಲಿ ಇಟ್ಟು ಪೂರ್ವ (ಬಲ) ದಿಕ್ಕು ಕೊಟ್ಟರೆ ಎಡಕ್ಕೆ ಮಾತ್ರ ಚಾಚುತ್ತದೆ, ಕೆಳಗೆ ಎರಡನೇ ಸಾಲು ತೆರೆಯುವುದಿಲ್ಲ. ಹೊಸ ಐಕಾನ್ ಬಂದಾಗ ಹಳೆಯವು ಜಾಗ ಬಿಟ್ಟು ಕದಲಬಾರದು ಅಲ್ವಾ? ಐಕಾನ್ ಗ್ರ್ಯಾವಿಟಿಯನ್ನೂ ಬಲಕ್ಕೆ ಇಟ್ಟರೆ ಮೊದಲು ಬಂದದ್ದು ಮೂಲೆಯಲ್ಲೇ ಇರುತ್ತದೆ. ನನ್ನ ಮೂಲೆಯಲ್ಲಿ ಐಬಸ್ ಇದೆ. ಕಣ್ಣು ಹುಡುಕಬೇಕಾಗಿಲ್ಲ.

ಎರಡನೆಯದು ಗಾತ್ರ. ಐಕಾನ್ ಅಳತೆ ಏನೂ ಹೇಳದಿದ್ದರೆ 24 ಪಿಕ್ಸೆಲ್. ಕೆಲವು ಆಪ್‌ಗಳು ಅದನ್ನು ಕೇಳುವುದೇ ಇಲ್ಲ, ತಮಗೆ ಬೇಕಾದಷ್ಟು ದೊಡ್ಡದಾಗಿ ಬಂದು ಕೂರುತ್ತವೆ. ಅಂಥವನ್ನು ಬಗ್ಗಿಸಲು ಕ್ಲಡ್ಜಸ್ ಅಂತ ಒಂದು ಸೆಟಿಂಗ್ ಇದೆ. ಅದರಲ್ಲಿ ಫೋರ್ಸ್ ಐಕಾನ್ಸ್ ಸೈಜ್ ಹಾಕಿದರೆ ಎಲ್ಲವೂ ಒಂದೇ ಅಳತೆಗೆ ಬರುತ್ತವೆ. ಬೇರೆ ಬೇರೆ ಕಡೆಯ ಆಪ್‌ಗಳನ್ನು ಒಟ್ಟಿಗೆ ಇಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು.

ಮೂರನೆಯದನ್ನು ಬಹಳ ಜನ ಗಮನಿಸಿರುವುದಿಲ್ಲ. ಓಡುತ್ತಿರುವ ಸ್ಟ್ಯಾಲೋನ್‌ಟ್ರೇಗೆ ಇನ್ನೊಂದು ಕಮಾಂಡ್ ಕಳಿಸಿ, ಇಷ್ಟನೇ ಐಕಾನ್ ಮೇಲೆ ಕ್ಲಿಕ್ ಮಾಡು ಅಂತ ಹೇಳಬಹುದು. ಅದನ್ನು ಓಪನ್‌ಬಾಕ್ಸ್‌ನ ಆರ್‌ಸಿ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಒಂದು ಶಾರ್ಟ್‌ಕಟ್ ಕೀಗೆ ಕಟ್ಟಿದೆ. ಈಗ ಮೌಸ್ ಮುಟ್ಟದೆ ವೈಫೈ ಮೆನು ತೆರೆಯುತ್ತೇನೆ. ನನ್ನ ಆಯ್ಕೆ ಗಟ್ಟಿಯಾದದ್ದು ಇಲ್ಲೇ.

ಕೊರತೆಯೂ ಇದೆ. ಅದರ ಪಾರದರ್ಶಕತೆ ನಿಜವಾದದ್ದಲ್ಲ, ಹಿಂದಿನ ವಾಲ್‌ಪೇಪರ್ ತುಂಡನ್ನು ಬಳಿದು ತೋರಿಸುತ್ತದೆ ಅಷ್ಟೇ. ನಾನು ಸುಮ್ನೆ ವಾಲ್‌ಪೇಪರ್‌ಗೆ ಹೊಂದುವ ಗಟ್ಟಿ ಬಣ್ಣ ಕೊಟ್ಟುಬಿಟ್ಟೆ.

ಟಿಂಟ್2 ಬೇರೆಯೇ ಜಾತಿ. ಅದು ಪೂರ್ತಿ ಪ್ಯಾನಲ್, ಟ್ರೇ ಅದರ ಒಂದು ಭಾಗ. ಕ್ರಂಚ್‌ಬ್ಯಾಂಗ್ ಲಿನಕ್ಸ್ ಮತ್ತು ಅದರ ನಂತರ ಬಂದ ಬನ್ಸೆನ್‌ಲ್ಯಾಬ್ಸ್ ಓಪನ್‌ಬಾಕ್ಸ್ ಜೊತೆ ಇದನ್ನೇ ಕೊಡುತ್ತಿದ್ದವು. ಯಾವ ಭಾಗ ಬೇಕು ಅನ್ನುವುದನ್ನು ಒಂದೊಂದು ಅಕ್ಷರದಲ್ಲಿ ಬರೆಯಬೇಕು. ಎಸ್ ಅಂದರೆ ಸಿಸ್ಟಮ್ ಟ್ರೇ. ಬರೀ ಎಸ್ ಇಟ್ಟು ಪ್ಯಾನಲ್ ಶ್ರಿಂಕ್ ಆನ್ ಮಾಡಿದರೆ ಟಿಂಟ್2 ಕೂಡ ಒಂಟಿ ಟ್ರೇ ಆಗುತ್ತದೆ. ಐಕಾನ್‌ಗಳ ಬಣ್ಣದ ಗಾಢತೆ, ಹೊಳಪು ತಗ್ಗಿಸಬಹುದು. ಬೇಡದಾಗ ತಾನಾಗಿ ಅಂಚಿಗೆ ಅಡಗುವಂತೆಯೂ ಮಾಡಬಹುದು. ಕಾನ್ಫಿಗ್ ಬದಲಿಸಿದ ಮೇಲೆ ಯೂಸರ್1 ಸಿಗ್ನಲ್ ಕಳಿಸಿದರೆ ಸಾಕು, ಹೊಸದನ್ನು ಓದಿಕೊಂಡು ಮತ್ತೆ ಶುರುವಾಗುತ್ತದೆ. ಬರೆಯಲು ಬೇಜಾರಾದವರಿಗೆ ಟಿಂಟ್2ಕಾನ್ಫ್ ಅನ್ನುವ ವಿಂಡೋ ಇದೆ. ಗಡಿಯಾರ, ಟಾಸ್ಕ್‌ಬಾರ್ ಕೂಡ ಬೇಕು ಅನ್ನುವವರು ಬೇರೆ ಯೋಚನೆ ಮಾಡದೆ ಇದನ್ನೇ ಹಾಕಿಕೊಳ್ಳಿ. ಟ್ರೇ ಒಂದೇ ಸಾಕು ಅನ್ನುವವರಿಗೆ ಇದರ ಕಾನ್ಫಿಗ್ ಉದ್ದ ಸ್ವಲ್ಪ ಭಾರ.

ಟ್ರೇಯನ್ನು ಕೊಂದು ಮತ್ತೆ ಎಬ್ಬಿಸಿದರೆ ಐಕಾನ್‌ಗಳು ಮರಳುತ್ತವೆಯೇ ಅಂತಲೂ ನೋಡಿದೆ. ಇದರಲ್ಲಿ ಮೂರರ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಹೊಸ ಟ್ರೇ ಎದ್ದಾಗ ಎಲ್ಲರಿಗೂ ಒಂದು ಸೂಚನೆ ಹೋಗುತ್ತದೆ. ಅದನ್ನು ಕೇಳಿಸಿಕೊಳ್ಳುವ ಆಪ್‌ಗಳು ತಾವಾಗಿ ಬಂದು ಕೂರುತ್ತವೆ, ಕೇಳಿಸಿಕೊಳ್ಳದವನ್ನು ಮತ್ತೆ ಶುರು ಮಾಡಬೇಕು. ಇದಕ್ಕಾಗಿ ಟ್ರೇ ಬದಲಿಸಿ ಪ್ರಯೋಜನವಿಲ್ಲ.

ಇನ್ನೊಂದು ತೊಂದರೆಯೂ ಮೂರಕ್ಕೂ ಒಂದೇ. ಹೊಸ ಆಪ್‌ಗಳಲ್ಲಿ ಹಲವು ಎಕ್ಸ್‌ಎಂಬೆಡ್ ಬಿಟ್ಟು ಕೆಡಿಇ ಡೆಸ್ಕ್‌ಟಾಪ್ ಕಡೆಯಿಂದ ಬಂದ ಸ್ಟೇಟಸ್‌ನೋಟಿಫೈಯರ್ ದಾರಿ ಹಿಡಿದಿವೆ. ಅಲ್ಲಿ ಐಕಾನ್ ವಿಂಡೋ ಆಗಿ ಬರುವುದಿಲ್ಲ, ಆಪ್‌ಗಳು ಒಂದಕ್ಕೊಂದು ಸಂದೇಶ ಕಳಿಸುವ ಡಿ-ಬಸ್ ಮೂಲಕ ತಾನಿದ್ದೇನೆ ಅಂತ ಹೇಳುತ್ತದೆ. ಗ್ನೋಮ್ ಡೆಸ್ಕ್‌ಟಾಪ್ ಅಂತೂ 2017ರ 3.26 ಆವೃತ್ತಿಯಲ್ಲಿ ಹಳೆಯ ಟ್ರೇಯನ್ನೇ ತೆಗೆದುಹಾಕಿತು. ಆಪ್ ಓಡುತ್ತಿದೆ, ಐಕಾನ್ ಮಾತ್ರ ಕಾಣುತ್ತಿಲ್ಲ ಅಂದರೆ ಬಹುಪಾಲು ಕಾರಣ ಇದೇ. ಸ್ನಿಕ್ಸೆಂಬೆಡ್ ಅನ್ನುವ ಪುಟ್ಟ ಆಪ್ ನಡುವೆ ಕೂತು ಹೊಸ ಬಗೆಯ ಐಕಾನನ್ನು ಹಳೆಯ ಟ್ರೇಗೆ ದಾಟಿಸುತ್ತದೆ. ಎನ್‌ಎಂ-ಆಪ್ಲೆಟ್‌ಗೆ ಇಂಡಿಕೇಟರ್ ಆಯ್ಕೆ ಕೊಡಬೇಡಿ. ಕೊಡದಿದ್ದರೆ ಅದು ನೇರವಾಗಿ ಹಳೆಯ ದಾರಿಯಲ್ಲೇ ಬರುತ್ತದೆ, ದಾಟಿಸುವವರು ಬೇಕಾಗುವುದಿಲ್ಲ.

ಓಪನ್‌ಬಾಕ್ಸ್‌ನ ಆಟೋಸ್ಟಾರ್ಟ್ ಫೈಲ್‌ನಲ್ಲಿ ನಾನು ಇಟ್ಟಿರುವ ಕ್ರಮ ಹೀಗಿದೆ. ಮೊದಲು ಸ್ಟ್ಯಾಲೋನ್‌ಟ್ರೇ, ಆಮೇಲೆ ಸ್ನಿಕ್ಸೆಂಬೆಡ್, ಒಂದೆರಡು ಸೆಕೆಂಡ್ ಸ್ಲೀಪ್, ನಂತರ ಐಬಸ್. ಐಬಸ್ ಬಂದು ಮೂಲೆ ಹಿಡಿಯಲು ಇನ್ನೊಂದು ಸ್ಲೀಪ್ ಕೊಟ್ಟು ಉಳಿದ ಆಪ್ಲೆಟ್‌ಗಳನ್ನು ಬಿಡುತ್ತೇನೆ. ಒಂದೊಂದು ಸಾಲಿನ ಕೊನೆಯಲ್ಲೂ ಆಂಪರ್ಸಂಡ್ (&) ಹಾಕಿ. ಸ್ಲೀಪ್ ಇರುವ ಸಾಲುಗಳಿಗೆ ಮಾತ್ರ ಬೇಡ, ಹಾಕಿದರೆ ಕಾಯುವುದೇ ಇಲ್ಲ.