ಹಬ್ಬದ ಉಡುಗೊರೆಗೆ ಅಡುಗೆ ಪುಸ್ತಕ ಕೊಳ್ಳುವವರ ಗಮನಕ್ಕೆ

ದೀಪಾವಳಿ ಹತ್ತಿರವಾಗುತ್ತಿರುವುದರಿಂದ, ಕಳೆದ ವರ್ಷ ನಾನು ಮಾಡಿದ ತಪ್ಪನ್ನು ಬೇರೆಯವರು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ದಾವಣಗೆರೆಯಲ್ಲಿರುವ ನನ್ನ ಅಣ್ಣನ ಸೊಸೆ ಮೈಸೂರಿನವಳು. ಮದುವೆಯ ನಂತರದ ಮೊದಲ ದೀಪಾವಳಿಯನ್ನು ಪದ್ಧತಿಯಂತೆ ತವರಿನಲ್ಲಿ ಕಳೆದಿದ್ದ ಅವಳಿಗೆ ಅದು ನಮ್ಮೂರಿನಲ್ಲಿ ಮೊದಲ ದೀಪಾವಳಿಯಾಗಿತ್ತು. ಈ ಕಡೆಯ ಅಡುಗೆಯನ್ನು ಕಲಿಯಬೇಕೆಂದು ಅವಳು ಆಗಾಗ ಹೇಳುತ್ತಿದ್ದುದರಿಂದ, ಸೀರೆಯ ಜೊತೆಗೆ ಒಂದು ಒಳ್ಳೆಯ ಅಡುಗೆ ಪುಸ್ತಕವನ್ನೂ ಕೊಡೋಣವೆಂದುಕೊಂಡೆ.

ಪುಸ್ತಕದಂಗಡಿಗೆ ಹೋಗುವ ಬದಲು ಆನ್‌ಲೈನ್‌ನಲ್ಲಿ ಹುಡುಕಿದೆ. ಬಾಳೆಲೆಯ ಮೇಲೆ ದೋಸೆ, ಹೋಳಿಗೆ, ಚಕ್ಕುಲಿಗಳನ್ನು ಜೋಡಿಸಿದ್ದ ಮುಖಪುಟ, ಅರ್ಧಕ್ಕಿಂತ ಹೆಚ್ಚು ರಿಯಾಯಿತಿ, ಸಾಲುಸಾಲಾಗಿ ಐದು ನಕ್ಷತ್ರಗಳು. ಇಷ್ಟು ನೋಡಿ ಹಬ್ಬಕ್ಕೆ ತಿಂಗಳಿರುವಾಗಲೇ ತರಿಸಿ, ಬಣ್ಣದ ಕಾಗದ ಸುತ್ತಿ ಬೀರುವಿನಲ್ಲಿಟ್ಟೆ. ಒಂದು ಪುಟವನ್ನೂ ಓದಲಿಲ್ಲ. ಆಮೇಲೆ ಆ ಅಭಿಪ್ರಾಯಗಳನ್ನು ಮತ್ತೊಮ್ಮೆ ಓದಿದಾಗ, ಬಹುತೇಕ ಎಲ್ಲವೂ ‘ಬೇಗ ಬಂತು’, ‘ಪ್ಯಾಕಿಂಗ್ ಚೆನ್ನಾಗಿದೆ’ ಎಂಬಂಥವೇ ಆಗಿದ್ದವು. ಪುಸ್ತಕ ನೋಡಿಕೊಂಡು ಏನನ್ನಾದರೂ ಮಾಡಿ ತಿಂದೆನೆಂದು ಹೇಳಿದವರು ಒಬ್ಬರೂ ಇರಲಿಲ್ಲ. ಅದೇ ಲೇಖಕರ ಹೆಸರಿನಲ್ಲಿ ಇಟಾಲಿಯನ್, ಥಾಯ್, ಸಕ್ಕರೆ ಕಾಯಿಲೆಯವರ ಅಡುಗೆ, ಕೇಕು ಎಂದು ಹತ್ತಾರು ತೆಳು ಪುಸ್ತಕಗಳಿದ್ದರೂ, ಅವರು ಎಲ್ಲಿಯವರು, ಯಾರ ಅಡುಗೆಮನೆಯಲ್ಲಿ ಪಳಗಿದವರು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಿಂಬದಿಯಲ್ಲಿ ಐಎಸ್‌ಬಿಎನ್ ಇದೆಯಲ್ಲ ಎಂದು ನಾನು ಧೈರ್ಯ ತಂದುಕೊಂಡಿದ್ದೆ. 2007ರಿಂದ 13 ಅಂಕಿಗಳಲ್ಲಿ ಬರುತ್ತಿರುವ ಆ ಸಂಖ್ಯೆ ಪುಸ್ತಕದ ಗುರುತಿಗಷ್ಟೇ ಇರುವುದು. ಅದನ್ನು ಕೊಡುವ ಮುನ್ನ ಯಾರೂ ಒಗ್ಗರಣೆ ಹಾಕಿ ಪರೀಕ್ಷಿಸುವುದಿಲ್ಲ.

ಹಬ್ಬ ಮುಗಿದು ಮೂರು ವಾರಗಳಾದರೂ ಸೊಸೆ ಪುಸ್ತಕದ ಮಾತೆತ್ತಲಿಲ್ಲ. ನಾನೇ ಕೇಳಿದಾಗ ತಲೆ ತಗ್ಗಿಸಿ, “ಪುಸ್ತಕ ಚೆನ್ನಾಗಿದೆ ಅತ್ತೆ, ನನ್ನ ಕೈಗುಣವೇ ಸರಿಯಿಲ್ಲ ಅನ್ಸುತ್ತೆ” ಎಂದಳು. ಬೆಣ್ಣೆ ದೋಸೆ ಎರಡು ಸಲ ಕೆಟ್ಟಿತ್ತಂತೆ. ಚಕ್ಕುಲಿಯಂತೂ ಎಣ್ಣೆಗೆ ಬಿಟ್ಟ ಕೂಡಲೇ ಪುಡಿಪುಡಿಯಾಗಿ, ನೊರೆಯೆದ್ದು, ಬಾಣಲೆಯಲ್ಲಿದ್ದ ಎಣ್ಣೆಯಷ್ಟನ್ನೂ ಚೆಲ್ಲಬೇಕಾಗಿ ಬಂದಿತ್ತಂತೆ. ಆಗ ನಾವಿಬ್ಬರೂ ಅತ್ತಿಗೆಯನ್ನು ಕರೆದುಕೊಂಡು ಪುಸ್ತಕ ಬಿಡಿಸಿ ಕುಳಿತೆವು.

ಬೆಣ್ಣೆ ದೋಸೆಯ ಪುಟದಲ್ಲಿ ಅಕ್ಕಿ, ಉದ್ದಿನ ಬೇಳೆಯ ಕೆಳಗೆ ‘ಒಂದು ಕಪ್ ಊದಿದ ಅಕ್ಕಿ’ ಎಂದಿತ್ತು. ಅತ್ತಿಗೆ ಸ್ವಲ್ಪ ಹೊತ್ತು ಅದನ್ನೇ ನೋಡಿ, “ಅಯ್ಯೋ, ಇದು ಮಂಡಕ್ಕಿ ಕಣೇ!” ಎಂದರು. ಇಂಗ್ಲಿಷಿನಲ್ಲಿದ್ದುದನ್ನು ಯಂತ್ರ ಪದಕ್ಕೆ ಪದ ಇಟ್ಟು ಕನ್ನಡ ಮಾಡಿತ್ತು. ಮಂಡಕ್ಕಿ ಭಟ್ಟಿಗಳ ಊರಿನ ದೋಸೆಯಲ್ಲಿ ಮಂಡಕ್ಕಿಗೇ ಹೆಸರಿಲ್ಲ! ಮೈಸೂರಿನಲ್ಲಿ ಅದನ್ನು ಪುರಿ ಎನ್ನುತ್ತಾರೆ, ಧಾರವಾಡದ ಕಡೆ ಚುರುಮುರಿ ಎನ್ನುತ್ತಾರೆ. ಊದಿದ ಅಕ್ಕಿ ಎನ್ನುವವರು ಎಲ್ಲಿಯೂ ಇಲ್ಲ. ಸೊಸೆ ಅದನ್ನು ನೆನೆದು ಊದಿಕೊಂಡ ಅಕ್ಕಿ ಎಂದು ತಿಳಿದು, ಇನ್ನೊಂದು ಕಪ್ ಅಕ್ಕಿಯನ್ನೇ ಸೇರಿಸಿ ರುಬ್ಬಿದ್ದಳು. ಹಿಟ್ಟನ್ನು ಹಗುರಾಗಿಸಿ ದೋಸೆಯನ್ನು ಮೆದುವಾಗಿಸಬೇಕಾದ ಪದಾರ್ಥವೇ ಬೀಳದಿದ್ದ ಮೇಲೆ ದೋಸೆ ಬಿರುಸಾಗದೆ ಇನ್ನೇನಾದೀತು?

ಮುಂದಿನ ಪುಟಗಳಲ್ಲಿ ಪಲಾವಿಗೆ ‘ಎರಡು ಕೊಲ್ಲಿ ಎಲೆ’ ಹಾಕಲು ಹೇಳಿದ್ದರು. ಇಂಗ್ಲಿಷಿನಲ್ಲಿ ‘ಬೇ ಲೀಫ್’ ಎನ್ನುವ ಪಲಾವ್ ಎಲೆ ಬಂಗಾಳ ಕೊಲ್ಲಿಯಿಂದ ಬರುತ್ತದೆಂದು ಯಂತ್ರ ಭಾವಿಸಿರಬೇಕು. ಚಟ್ನಿಗೆ ‘ನಾಲ್ಕು ಬೆಳ್ಳುಳ್ಳಿ ಲವಂಗ’ ಎಂದಿತ್ತು. ಎಸಳಿಗೂ ಲವಂಗಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದವಿರುವುದರ ಫಲವದು. ನಾವು ಬಿದ್ದು ಬಿದ್ದು ನಕ್ಕೆವಾದರೂ, 16ನೆಯ ಶತಮಾನದ ಆರಂಭದಲ್ಲಿಯೇ ಮಂಗರಸ ಪಾಕಶಾಸ್ತ್ರವನ್ನು ಪದ್ಯದಲ್ಲಿ ಬರೆದಿಟ್ಟ ಭಾಷೆಗೆ ಈ ಗತಿ ಬಂದದ್ದು ನನಗೆ ಒಳಗೊಳಗೇ ಚುಚ್ಚಿತು.

ಚಕ್ಕುಲಿಯ ವಿಷಯ ನಗುವಂಥದ್ದಾಗಿರಲಿಲ್ಲ. ಅರ್ಧ ಕಿಲೋ ಹಿಟ್ಟಿಗೆ ‘ಒಂದು ಚಮಚ ಅಡುಗೆ ಸೋಡಾ’ ಎಂದಿತ್ತು. ಇಂಗ್ಲಿಷ್ ಪಾಕವಿಧಾನಗಳಲ್ಲಿ ಟೀ ಚಮಚವೆಂದರೆ 5 ಮಿಲಿ, ದೊಡ್ಡ ಚಮಚವೆಂದರೆ 15 ಮಿಲಿ; ಈ ಪುಸ್ತಕದಲ್ಲಿ ಎರಡೂ ಬರಿಯ ಚಮಚವಾಗಿದ್ದವು. ಸೊಸೆ ಕೈಗೆ ಸಿಕ್ಕ ದೊಡ್ಡ ಸ್ಟೀಲ್ ಚಮಚದಿಂದ ತುಂಬಿ ಹಾಕಿದ್ದಳು. ಚಕ್ಕುಲಿಗೆ ಸೋಡಾ ಹಾಕುವುದೇ ಅತ್ತಿಗೆಗೆ ಸೇರದು, ಅದು ಬೇರೆ ಮಾತು. ಆದರೆ ಅಷ್ಟು ಸೋಡಾ ಬಿದ್ದ ಹಿಟ್ಟು ಎಣ್ಣೆ ಕುಡಿದು ಬಿಚ್ಚಿಕೊಳ್ಳುವುದು ಖಂಡಿತ. ಕಾದ ಎಣ್ಣೆ ನೊರೆಯುಕ್ಕಿ ಒಲೆಯ ಮೇಲೆ ಚೆಲ್ಲದಿದ್ದುದು ನಮ್ಮ ಪುಣ್ಯ. ಕೇಕಿನ ಪುಟದಲ್ಲಿ ‘350 ಡಿಗ್ರಿಯಲ್ಲಿ ಬೇಯಿಸಿ’ ಎಂದಷ್ಟೇ ಇತ್ತು. ಅದು ಫ್ಯಾರನ್‌ಹೀಟ್ ಲೆಕ್ಕ, ಸೆಲ್ಸಿಯಸ್‌ನಲ್ಲಿ ಸುಮಾರು 177. ಅಣ್ಣನ ಮನೆಯ ಓವನ್ನಿನ ಗುಂಡಿ 250ಕ್ಕೇ ನಿಲ್ಲುತ್ತದೆ.

ಹಿಂದಿರುಗಿಸಲು ಹೋದರೆ, ಮಾರಾಟಗಾರರು ಹಾಳೆ ಹರಿದಿದ್ದರೆ ಮಾತ್ರ ಬದಲಿಸಿ ಕೊಡುತ್ತೇವೆ, ಅದಕ್ಕೂ ಏಳು ದಿನಗಳ ಗಡುವು ಮುಗಿದಿದೆ ಎಂದರು. ಉಡುಗೊರೆಯನ್ನು ಮುಂಚೆಯೇ ತರಿಸಿ ಕಟ್ಟಿಡುವವರಿಗೆಲ್ಲ ಈ ಗಡುವು ಬೀರುವಿನೊಳಗೇ ಮುಗಿದುಹೋಗುತ್ತದೆ. ಹಣ ಹೋದುದಕ್ಕಿಂತ, ಹೊಸದಾಗಿ ಮನೆಗೆ ಬಂದ ಹುಡುಗಿ ಪುಸ್ತಕದ ತಪ್ಪನ್ನು ತನ್ನ ತಪ್ಪೆಂದು ತಿಳಿದು, ಕೊಟ್ಟವರಿಗೆ ಬೇಸರವಾದೀತೆಂದು ಮೂರು ವಾರ ಬಾಯಿ ಬಿಡದೆ ಇದ್ದಳಲ್ಲ, ಆ ಸಂಕಟ ನನಗೆ ಇಂದಿಗೂ ಹೋಗಿಲ್ಲ. ನಾನು ಕೇಳದೇ ಇದ್ದಿದ್ದರೆ ಅವಳು ಹೇಳುತ್ತಲೂ ಇರಲಿಲ್ಲ.

ಈಗ ನಾನು ಯಾವ ಅಡುಗೆ ಪುಸ್ತಕವನ್ನೇ ಆಗಲಿ ಅಂಗಡಿಯಲ್ಲಿ ನಿಂತು, ನನಗೆ ಬಾಯಿಪಾಠವಾಗಿರುವ ಒಂದು ಅಡುಗೆಯ ಪುಟವನ್ನು ಪೂರ್ತಿ ಓದಿದ ಮೇಲೆಯೇ ಕೊಳ್ಳುತ್ತೇನೆ. ಹೋಳಿಗೆಯ ಕಣಕ ಎಷ್ಟು ಹೊತ್ತು ನೆನೆಯಬೇಕು, ಬೇಳೆ ಎಷ್ಟು ಬೇಯಬೇಕು ಎಂಬುದನ್ನು ಮಾಡಿದವರು ಬರೆದರೆ ಎರಡು ಸಾಲಿನಲ್ಲಿಯೇ ಗೊತ್ತಾಗುತ್ತದೆ. ಕಪ್ ಎಂದರೆ ಎಷ್ಟು ಎಂದು ಮೊದಲಲ್ಲೇ ಹೇಳಿರಬೇಕು, ಏಕೆಂದರೆ ಅಮೆರಿಕದ ಕಪ್ ಸುಮಾರು 240 ಮಿಲಿಯಾದರೆ, ಅನ್ನದ ಎಲೆಕ್ಟ್ರಿಕ್ ಕುಕ್ಕರಿನ ಜೊತೆ ಬರುವ ಕಪ್ ಸಾಮಾನ್ಯವಾಗಿ 180 ಮಿಲಿ. ಆನ್‌ಲೈನ್‌ನಲ್ಲಿಯೇ ತರಿಸುವುದಾದರೆ ಒಳಪುಟಗಳನ್ನು ತೋರಿಸದ ಪುಸ್ತಕವನ್ನು ಬಿಟ್ಟುಬಿಡಿ. ಬಂದ ದಿನವೇ ಓದಿ, ಕಾಗದವನ್ನು ಆಮೇಲೆ ಸುತ್ತಿ. ನಿಮಗೇ ಯಾರಾದರೂ ಇಂಥ ಪುಸ್ತಕ ಕೊಟ್ಟು ಅಡುಗೆ ಕೆಟ್ಟಿದ್ದರೆ, ಕೊಟ್ಟವರಿಗೆ ದಯವಿಟ್ಟು ಹೇಳಿ. ಇಲ್ಲವಾದರೆ ಅವರು ಅದೇ ಪುಸ್ತಕವನ್ನು ಮುಂದಿನ ಹಬ್ಬಕ್ಕೆ ಇನ್ನೊಬ್ಬರಿಗೆ ಕೊಡುತ್ತಾರೆ. ನಾನೂ ಚಿತ್ರದುರ್ಗದ ತಂಗಿಗೆ ಮತ್ತೊಂದು ಪ್ರತಿ ತರಿಸುವುದರಲ್ಲಿದ್ದೆ.

ಪುಸ್ತಕ ಈಗಲೂ ಅಣ್ಣನ ಮನೆಯ ಅಡುಗೆಮನೆಯಲ್ಲಿಯೇ ಇದೆ. ದೋಸೆಯ ಪುಟದಲ್ಲಿ ಸೊಸೆ ಪೆನ್ಸಿಲಿನಿಂದ ‘ಊದಿದ ಅಕ್ಕಿ’ಯನ್ನು ಹೊಡೆದು ಹಾಕಿ, ಮೇಲೆ ‘ಮಂಡಕ್ಕಿ, ಅಂದರೆ ನಮ್ಮ ಪುರಿ’ ಎಂದು ಬರೆದುಕೊಂಡಿದ್ದಾಳೆ.