ಮಳೆನೀರು ಒಸರುವ ಗೋಡೆ: ಬಣ್ಣವೋ, ಗಾರೆಯೋ, ಸಿಲೇನ್ ದ್ರಾವಣವೋ?

ಮೈಸೂರಿನ ಅಗ್ರಹಾರದ ನಿಮ್ಮ ಹಳೆಯ ಮನೆಯ ಪಡುವಣ ಗೋಡೆಗೆ ಏನು ಮಾಡಿಸಲಿ ಎಂದು ಕೇಳಿದ್ದೀರಿ. ಮೊದಲು ಗೋಡೆಯ ಮೇಲಿನ ತೇವದ ಕಲೆಯನ್ನು ಗಮನಿಸಿ. ಮಳೆ ಬಂದಾಗ ಗಾಢವಾಗಿ, ಬಿಸಿಲು ಬಂದಾಗ ಮಾಸಿದರೆ ಅದು ಹೊರಗಿನಿಂದ ಒಸರಿದ ನೀರು. ನೆಲದಿಂದ ಮೇಲೇರುವ ತೇವಕ್ಕೆ ಜಲನಿರೋಧಕ ಬಣ್ಣ, ಗಾರೆ, ಸಿಲೇನ್ ದ್ರಾವಣ (ಗೋಡೆಯೊಳಕ್ಕೆ ಇಳಿದು ನೀರು ಹೀರದಂತೆ ತಡೆಯುವ ದ್ರವ) ಈ ಮೂರೂ ಮದ್ದಲ್ಲ.

ಜಲನಿರೋಧಕ ಬಣ್ಣಕ್ಕೆ ಸಾಮಾನ್ಯವಾಗಿ ಗಾರೆಗಿಂತ ಖರ್ಚು ಕಡಿಮೆ. ಕೂದಲೆಳೆಯಂಥ ಬಿರುಕನ್ನೂ ಮುಚ್ಚುತ್ತದೆ. ಆದರೆ ಗೋಡೆಯೊಳಗೆ ತೇವ ಉಳಿದಿದ್ದರೆ ಅದು ಹೊರಬರಲಾರದೆ ಬಣ್ಣವನ್ನೇ ಉಬ್ಬಿಸುತ್ತದೆ. ನಮ್ಮ ಮನೆಯಲ್ಲಿ ರೂಪಾಯಿ ನಾಣ್ಯದಗಲದ ಗುಳ್ಳೆಯೊಂದನ್ನು ಹೆಬ್ಬೆರಳಿನಿಂದ ಒತ್ತಿದೆ. ಒದ್ದೆ ಪುಡಿ ಉದುರಿ ಹಿಂದಿನ ಇಟ್ಟಿಗೆ ಕಂಡಿತು. ಸುಣ್ಣ, ಮಣ್ಣಿನಲ್ಲಿ ಕಟ್ಟಿದ ಗೋಡೆಯ ಉಸಿರು ಕಟ್ಟಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಅಂಥ ಗೋಡೆಗೆ ಸುಣ್ಣದ ಗಾರೆಯೇ ಒಗ್ಗುತ್ತದೆ. ಹೀರಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ, ಚೆನ್ನಾಗಿ ನೋಡಿಕೊಂಡರೆ ದಶಕಗಳ ಕಾಲ ಬಾಳುತ್ತದೆ. ತಾಳ್ಮೆ ಮಾತ್ರ ಬೇಕು: ಪ್ರತಿ ಪದರವನ್ನೂ ದಿನಗಟ್ಟಲೆ ತೇವವಾಗಿಟ್ಟು ನಿಧಾನವಾಗಿ ಒಣಗಿಸಬೇಕು. ಕೆಲಸ ಬಲ್ಲವರು ಸುಲಭವಾಗಿ ಸಿಗುವುದಿಲ್ಲ, ಕೂಲಿಯೂ ಹೆಚ್ಚು.

ಬರಿಯ ಇಟ್ಟಿಗೆ ಕಾಣುವ ಗೋಡೆಯಾದರೆ ಸಿಲೇನ್ ದ್ರಾವಣ ಅನುಕೂಲ. ಬಳಿಯುವುದು ಸುಲಭ, ಆವಿ ಹೊರಹೋಗುತ್ತದೆ. ಆದರೆ ಬಿರುಕು ಮುಚ್ಚುವುದಿಲ್ಲ, ಬಣ್ಣ ಬಳಿದ ಗೋಡೆಯೊಳಕ್ಕೆ ಇಳಿಯುವುದಿಲ್ಲ. ಹೊಸ ಬಡಾವಣೆಯ ಸಿಮೆಂಟ್ ಮನೆ ಪೂರ್ತಿ ಒಣಗಿದ್ದರೆ ಬಣ್ಣವೇ ಸಾಕು.

ಯಾವುದನ್ನೇ ಆರಿಸಿ, ಒಡೆದ ಮಳೆನೀರಿನ ಪೈಪನ್ನೂ ಕಿಟಕಿ ಮೇಲಿನ ಸಜ್ಜಾದಲ್ಲಿರುವ ಬಿರುಕನ್ನೂ ಮೊದಲು ಸರಿಪಡಿಸಿ. ಗೋಡೆ ಒಣಗಲು ಬೇಸಿಗೆಯನ್ನು ಬಿಟ್ಟುಕೊಟ್ಟು, ಮುಂಗಾರಿಗೆ ಮುನ್ನ ಕೆಲಸ ಮುಗಿಸಿ.