40 ಪೌಂಡಿನ ರಿಕರ್ವ್ ಬಿಲ್ಲಿಗೆ 600 ಸ್ಪೈನ್ ಕಾರ್ಬನ್ ಬಾಣ: ಎರಡು ಮಳೆಗಾಲ ಕಳೆದ ಮೇಲೆ

ನನ್ನದು ಬಿಚ್ಚಿ ಜೋಡಿಸುವ ಮರದ ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ಗುರಿ ನೋಡುವ ಸೈಟ್ ಇಲ್ಲ, ಬಾಣ ಕೂರಿಸುವ ರೆಸ್ಟ್ ಇಲ್ಲ. ಬಾಣ ಹಿಡಿಯ ಮೇಲೆ ಮರದಲ್ಲೇ ಕೊರೆದ ಶೆಲ್ಫ್‌ನಲ್ಲೇ ಕೂರುತ್ತದೆ. ಇದಕ್ಕೆ ತಗೊಂಡಿದ್ದು 600 ಸ್ಪೈನ್ ಕಾರ್ಬನ್ ಬಾಣ, ನಾಲ್ಕಿಂಚಿನ ಟರ್ಕಿ ಗರಿ, 125 ಗ್ರೇನ್ (ಸುಮಾರು 8 ಗ್ರಾಂ) ಮೊನೆ. 5ಕ್ಕೆ 4 ಅಂಕ. ಕಳೆದ ಒಂದು ಅಂಕ ಗರಿಯದ್ದು, ಅದನ್ನು ಆಮೇಲೆ ಹೇಳುತ್ತೇನೆ.

ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ. ಇಲ್ಲಿ ಮೊದಲು ನೋಡಬೇಕಾದದ್ದು ಸ್ಪೈನ್. 28 ಇಂಚು ದೂರದ ಎರಡು ಆಸರೆಗಳ ಮೇಲೆ ಬಾಣದ ಕಡ್ಡಿ ಇಟ್ಟು, ನಡುವೆ 1.94 ಪೌಂಡ್ ತೂಕ ನೇತುಹಾಕಿದರೆ ಎಷ್ಟು ಬಾಗುತ್ತದೆ ಅನ್ನೋದೇ ಸ್ಪೈನ್. 0.6 ಇಂಚು ಬಾಗಿದರೆ 600. ಸಂಖ್ಯೆ ಏರಿದಷ್ಟೂ ಬಾಣ ಮೆದು.

ಒಂದು ಅಂಗಡಿಯವರು "40 ಪೌಂಡ್ ಅಲ್ವಾ ಸರ್, 400 ತಗೊಳ್ಳಿ, ಗಟ್ಟಿ ಇರುತ್ತೆ" ಅಂದರು. ಎರಡು ಸಂಖ್ಯೆ ಹೊಂದುತ್ತವೆ ಅನ್ನೋದು ಬಿಟ್ಟರೆ ಆ ಮಾತಿಗೆ ಬುಡವಿಲ್ಲ. ಬಿಲ್ಲಿನ ಮೇಲೆ ಬರೆದ 40 ಪೌಂಡ್ 28 ಇಂಚು ಎಳೆದಾಗಿನ ಲೆಕ್ಕ. ನನ್ನ ಎಳೆತ ಇಪ್ಪತ್ತಾರೂವರೆ ಇಂಚು. ಇಂಥ ಬಿಲ್ಲಿನಲ್ಲಿ ಇಂಚಿಗೆ ಎರಡು, ಎರಡೂವರೆ ಪೌಂಡ್ ಇಳಿಯುತ್ತದೆ. ಅಂದರೆ ನನ್ನ ಬೆರಳಿಗೆ ಬರುವ ಭಾರ 36-37 ಅಷ್ಟೇ. ಅದೂ ಅಲ್ಲದೆ ಶೆಲ್ಫ್ ಬಿಲ್ಲಿನ ನಡುಗೆರೆಯವರೆಗೆ ಕೊರೆದಿಲ್ಲ, ಬಾಣ ಸ್ವಲ್ಪ ಓರೆಯಾಗಿ ನಿಂತಿರುತ್ತದೆ. ಹೆದೆ ಬಿಟ್ಟೊಡನೆ ಅದು ಬಳುಕಿ ಬಿಲ್ಲನ್ನು ಸುತ್ತಿಕೊಂಡು ಹೋಗಬೇಕು. ತೀರಾ ಗಟ್ಟಿ ಬಾಣ ಬಳುಕುವುದಿಲ್ಲ, ಬಿಲ್ಲಿಗೆ ಟಕ್ ಅಂತ ತಾಗಿ (ಬಲಗೈಯವರಿಗೆ) ಎಡಕ್ಕೆ ಹಾರುತ್ತದೆ.

ಹಾಗಾಗಿ ಡಜನ್ ಕೊಳ್ಳುವ ಮೊದಲು 500 ಮತ್ತು 600ರ ತಲಾ ಎರಡು ಬಿಡಿ ಕಡ್ಡಿ ತರಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಗರಿ ಅಂಟಿಸಿ, ಇನ್ನೊಂದನ್ನು ಬೋಳಾಗಿ ಬಿಟ್ಟು, 15 ಮೀಟರಿನಿಂದ ಹೊಡೆದು ನೋಡಿದೆ. ಬಲಗೈಯವರಿಗೆ ಬೋಳು ಬಾಣ ಗರಿ ಬಾಣಕ್ಕಿಂತ ಎಡಕ್ಕೆ ಬಿದ್ದರೆ ಗಟ್ಟಿ, ಬಲಕ್ಕೆ ಬಿದ್ದರೆ ಮೆದು. 500 ಕತ್ತರಿಸುವ ಮೊದಲೇ ಎಡಕ್ಕೆ ಬೀಳುತ್ತಿತ್ತು. 600 ಬಲಕ್ಕೆ ಬಿತ್ತು. ಕಾಲಿಂಚು ಕಾಲಿಂಚಾಗಿ ಕತ್ತರಿಸುತ್ತಾ ಬಂದೆ, ಇಪ್ಪತ್ತೆಂಟೂವರೆ ಇಂಚಿಗೆ ಗರಿಯದ್ದು, ಬೋಳು ಎರಡೂ ಒಂದೇ ಕಡೆ ಬೀಳತೊಡಗಿದವು. ಕಡ್ಡಿ ಗಿಡ್ಡವಾದಷ್ಟೂ ಗಟ್ಟಿ, ಮೊನೆ ಭಾರವಾದಷ್ಟೂ ಮೆದು, ಆಟವೆಲ್ಲ ಇಷ್ಟರಲ್ಲೇ. ಕತ್ತರಿಸಲು ಹ್ಯಾಕ್ಸಾ ಬೇಡ, ತುದಿ ಸೀಳುತ್ತದೆ. ಜೋರಾಗಿ ತಿರುಗುವ ಕಟಿಂಗ್ ವೀಲ್ ಬೇಕು, ಮೂಗಿಗೆ ಮಾಸ್ಕ್ ಬೇಕೇ ಬೇಕು.

ಸಿದ್ಧವಾದ ಬಾಣ 350 ಗ್ರೇನ್ ಆಸುಪಾಸು, ಸುಮಾರು 23 ಗ್ರಾಂ. ಎಳೆತದ ಪ್ರತಿ ಪೌಂಡಿಗೆ 9-10 ಗ್ರೇನ್ ಬೀಳುತ್ತದೆ. ಬಿಲ್ಲು ನಡುಗುವುದಿಲ್ಲ, ಸದ್ದೂ ಕಮ್ಮಿ.

ಇನ್ನು ಗರಿ. ಶೆಲ್ಫ್ ಮೇಲಿಂದ ಹೊಡೆಯುವವರಿಗೆ ಪ್ಲಾಸ್ಟಿಕ್ ರೆಕ್ಕೆ ಆಗಿಬರಲ್ಲ, ತಾಗಿ ಬಾಣವನ್ನೇ ಎಗರಿಸುತ್ತದೆ. ಗರಿಯಾದರೆ ಮಡಚಿಕೊಂಡು ದಾಟುತ್ತದೆ. ಆದರೆ ಅದರ ಮುಂತುದಿಯ ಗಟ್ಟಿ ದಿಂಡು ಒಂದು ಚೂರು ಎದ್ದಿದ್ದರೂ ಬಿಲ್ಲು ಹಿಡಿದ ಕೈಯ ತೋರುಬೆರಳ ಬುಡವನ್ನು ಬ್ಲೇಡಿನಂತೆ ಗೀರುತ್ತದೆ. ನನಗೆ ರಕ್ತ ಬಂದ ಮೇಲೆ ಪ್ರತಿ ಗರಿಯ ಮುಂತುದಿಗೂ ಒಂದು ಹನಿ ಅಂಟು ಹಾಕಿ ನುಣ್ಣಗೆ ಮಾಡಿಕೊಂಡೆ. ಮಳೆಯಲ್ಲಿ ನೆನೆದರೆ ಗರಿ ಮುದುಡಿ ಕಡ್ಡಿಗೆ ಅಂಟಿಕೊಳ್ಳುತ್ತದೆ, ಆ ದಿನ ಅಭ್ಯಾಸ ಮುಗಿದಂತೆ. ಮನೆಯಲ್ಲಿ ಹುಳು ತಿನ್ನುತ್ತದೆ. ಈಗ ಬತ್ತಳಿಕೆ ಇಡುವ ಪೆಟ್ಟಿಗೆಯಲ್ಲಿ ನುಸಿ ಗುಳಿಗೆ ಇದೆ.

ಕಡ್ಡಿಗಳ ಬಗ್ಗೆ ದೂರಿಲ್ಲ. ಕಲ್ಲಿಗೆ ಬಡಿದ ಒಂದು ಬಾಣ ಬಾಗಿಸಿ ನೋಡಿದಾಗ ಚಟಪಟ ಅಂದಿತು, ಮುರಿದು ಎಸೆದೆ. ಇದರಲ್ಲಿ ಜಿಪುಣತನ ಬೇಡ. ಬಿರುಕು ಬಿಟ್ಟ ಕಾರ್ಬನ್ ಹೆದೆ ಬಿಟ್ಟಾಗ ಸಿಡಿದರೆ ಚೂರುಗಳು ಕೈಯೊಳಗೇ ಹೋಗುತ್ತವೆ.

ಮರದ ಬಾಣ ನೋಡುತ್ತಿದ್ದರೆ ಗಮನಿಸಿ: ಅಲ್ಲಿ ಸ್ಪೈನನ್ನು 35-40, 40-45 ಅಂತ ಪೌಂಡಿನಲ್ಲೇ ಬರೆದಿರುತ್ತಾರೆ, ಅಳೆಯುವ ಕ್ರಮವೂ ಬೇರೆ. ನಿಮ್ಮ ಎಳೆತ 30 ಪೌಂಡಿಗಿಂತ ಕೆಳಗಿದ್ದರೆ ನನ್ನ 600 ನಿಮಗೆ ಗಟ್ಟಿಯಾಗಬಹುದು. 700, 800ರ ಬಿಡಿ ಕಡ್ಡಿ ತರಿಸಿ ನೋಡಿ.